ಮಂಜನ್ನು ಹೊಗಳಿದವರು

ತಿಥಿಯ ಊಟಕ್ಕೆ ಕೂತಿದ್ದಾಗ ನನ್ನ ಪಕ್ಕದ ಎಲೆಯವರು ಪಲ್ಯಕ್ಕೆ ಕೈ ಹಾಕುವ ಮುಂಚೆಯೇ ಶುರು ಮಾಡಿದರು. "ಒಂದು ದಿನಕ್ಕೂ ಯಾವುದನ್ನೂ ಕೆಟ್ಟದು ಅಂದೋರಲ್ಲ ಕಣ್ರೀ. ಏನು ಕೊಟ್ರೂ ಚೆನ್ನಾಗೈತೆ, ಯಾರ್ನ ಕೇಳಿದ್ರೂ ಒಳ್ಳೇವ್ರು. ಅಂಥ ಮನುಷ್ಯ ಹೆತ್ತೂರು ಹೋಬಳೀಲೇ ಇನ್ನೊಬ್ರಿಲ್ಲ." ಎದುರು ಸಾಲಿನವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಸತ್ತವರ ಮನೆಯ ಊಟದಲ್ಲಿ ಯಾರೂ ಯಾರ ಮಾತಿಗೂ ಎದುರಾಡುವುದಿಲ್ಲ. ನಾನೂ ಆಡಲಿಲ್ಲ. ಆದರೆ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಬೆಳೆದವಳು ನಾನು. ಒಬ್ಬರು ಹೇಳಿದ್ದನ್ನು ಒಂದು ಸಾಲು ಜನ ಒಟ್ಟಿಗೆ ಒಪ್ಪಿಬಿಟ್ಟರೆ ನನಗೆ ತುತ್ತು ಇಳಿಯುವುದಿಲ್ಲ. ಅಲ್ಲಿ ಆಡದೆ ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಅವರು ಹೇಳಿದ್ದು ಸುಳ್ಳಲ್ಲ. ಕೊನೆಯ ಕೆಲವು ವರ್ಷ ಈ ಮನುಷ್ಯ ಹಾಗೇ ಇದ್ದರು. ನನ್ನ ತಕರಾರು ಅದನ್ನೊಂದು ಗುಣ ಎಂದು ಹೊಗಳಿದ್ದಕ್ಕೆ. ಕಾಲು ಮುರಿದುಕೊಂಡು ಮೂಲೆ ಹಿಡಿದವರನ್ನು 'ಎಷ್ಟು ನಿಧಾನಸ್ಥರು, ಒಂದು ದಿನಕ್ಕೂ ಓಡಿದವರಲ್ಲ' ಎಂದು ಹೊಗಳಿದ ಹಾಗಾಯಿತು ಅದು.

ನನಗೆ ಹತ್ತಿರವಾದ ಕಾಲದಲ್ಲಿ ಅವರು ಎಂಥದ್ದನ್ನೂ ಸುಮ್ಮನೆ ಚೆನ್ನಾಗಿದೆ ಎನ್ನುತ್ತಿರಲಿಲ್ಲ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಅದೂ ಕಂಪ್ಯೂಟರ್ ಆಟಗಳ ಬಗ್ಗೆ. ವನಗೂರಿನಿಂದ ಮೇಲೆ, ಜೀಪು ಮಾತ್ರ ಹತ್ತುವ ರಸ್ತೆಯ ತುದಿಯ ಎಸ್ಟೇಟಿನಲ್ಲಿ ಕೂತು ಒಬ್ಬರು ಬೆಂಗಳೂರಿನ ಒಂದು ಕನ್ನಡ ಕಂಪ್ಯೂಟರ್ ಮಾಸಪತ್ರಿಕೆಗೆ ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುತ್ತಿದ್ದರು ಎಂದರೆ ಈಗಲೂ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಆಟಕ್ಕೆ ವಿಮರ್ಶೆ ಯಾಕೆ, ಅದಕ್ಕೆ ಕನ್ನಡದಲ್ಲಿ ಯಾಕೆ, ಅದನ್ನು ಕಾಫಿ ತೋಟದವರು ಬರೆಯುವುದು ಯಾಕೆ ಎಂದು ಮೂರು ಪ್ರಶ್ನೆ ಒಟ್ಟಿಗೇ ಬರುತ್ತವೆ. ಮೂರಕ್ಕೂ ನಾನು ಉತ್ತರ ಕೊಡಬಲ್ಲೆ, ಉಲ್ಟಾ ಉತ್ತರವನ್ನೂ ಕೊಡಬಲ್ಲೆ. ನನ್ನ ಆ ಚಾಳಿ ಕಂಡರೇ ಅವರಿಗೆ ಆಗುತ್ತಿರಲಿಲ್ಲ.

ನಮ್ಮದು ಅವರ ಬೇಲಿಗೆ ಅಂಟಿಕೊಂಡ ಸಣ್ಣ ತೋಟ. ಊರಿನ ವರಸೆಯಲ್ಲಿ ಅವರು ನನಗೆ ಚಿಕ್ಕಪ್ಪ, ಎಸ್ಟೇಟ್ ನಡೆಸುತ್ತಿದ್ದ ಅವರ ಅಣ್ಣ ದೊಡ್ಡಪ್ಪ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂದ ಒಂದು ವರ್ಷ ದೊಡ್ಡಪ್ಪ ಎಸ್ಟೇಟಿನ ಲೆಕ್ಕಕ್ಕೆಂದು ಹಾಸನದಿಂದ ಒಂದು ಕಂಪ್ಯೂಟರ್ ತರಿಸಿ, ಕಾಫಿ ಸ್ಟೋರಿನ ಪಕ್ಕದ ಆಫೀಸು ಕೋಣೆಯಲ್ಲಿ ಇಡಿಸಿದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದರ ಮುಂದೆ ಕೈಕಟ್ಟಿ ನಿಂತು ಒಂದೇ ಪ್ರಶ್ನೆ ಕೇಳಿದರಂತೆ: "ಇದ್ರಲ್ಲಿ ಬರೆದ ಆಳುಗಳ ಹಾಜರಿ ಕರೆಂಟ್ ಹೋದಾಗ ಎಲ್ಲಿಗೋಯ್ತದೆ ಗೌಡ್ರೇ?" ಹಾಜರಿ ಮತ್ತೆ ಪುಸ್ತಕಕ್ಕೇ ಹೋಯಿತು. ಕಂಪ್ಯೂಟರ್ ಚಿಕ್ಕಪ್ಪನ ಪಾಲಿಗೆ ಬಂತು. ಅದರಲ್ಲಿ ಆಟ ಆಡುತ್ತ ಆಡುತ್ತ ಅವರು ಪತ್ರಿಕೆಗೆ ಬರೆಯತೊಡಗಿದರು.

ಮನೆಯಲ್ಲಿ ಚಿಕ್ಕಪ್ಪನ ಮಾತಿಗೆ ಆಗ ಬೆಲೆ ಇರಲಿಲ್ಲ ಎಂದರೆ ತಪ್ಪಾಗದು. ಮದುವೆಯಾಗಿರಲಿಲ್ಲ. ಕಣದಲ್ಲಿ ಕಾಫಿ ಹರವಿಸುವುದು, ಸಂಜೆ ಗುಡ್ಡೆ ಮಾಡಿಸಿ ಮುಚ್ಚಿಸುವುದು ಅವರ ಕೆಲಸ. ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ಊರಲ್ಲಿ ಒಂದು ಕತೆ ಇತ್ತು. ಆಲೂರು ಕಡೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಕೇಸರಿಬಾತ್ ಹೆಂಗಿತ್ತು? ನಮ್ ಹುಡುಗೀನೇ ಮಾಡಿದ್ದು" ಎಂದರಂತೆ. ಚಿಕ್ಕಪ್ಪ ಸ್ವಲ್ಪ ಯೋಚನೆ ಮಾಡಿ, "ರವೆ ಸರಿಯಾಗಿ ಹುರಿದಿಲ್ಲ, ಅದನ್ನ ಮುಚ್ಚಾಕೆ ತುಪ್ಪ ಸುರಿದವ್ರೆ" ಎಂದರಂತೆ. "ಸುಳ್ಳು ಹೇಳ್ಬೇಕಿತ್ತಾ?" ಎಂದು ಅವರು ನನ್ನನ್ನೇ ಒಂದು ಸಲ ಕೇಳಿದ್ದರು. "ಸುಮ್ಮನಿರಬಹುದಿತ್ತಲ್ಲ" ಎಂದೆ. "ಕೇಳಿದ್ಮೇಲೆ ಸುಮ್ನಿರೋದೂ ಸುಳ್ಳೇ ಕಣಮ್ಮ" ಎಂದರು.

ನಾನು ಅವರ ಆಫೀಸು ಕೋಣೆಗೆ ಮೊದಲ ಸಲ ಹೋದದ್ದು ಸ್ವಾರ್ಥಕ್ಕೆ. ಸಕಲೇಶಪುರದಲ್ಲಿ ಕಾಲೇಜು ಓದುತ್ತಿದ್ದೆ. ಹಾಸನದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ, ವಿಷಯ 'ಕಂಪ್ಯೂಟರ್ ಆಟಗಳು ಯುವಜನರಿಗೆ ಮಾರಕ'. ಪಾಯಿಂಟ್ ಹುಡುಕಿಕೊಂಡು ಹೋದೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

"ನೀನು ಯಾವ ಕಡೆ?"

"ಅಲ್ಲಿ ಚೀಟಿ ಎತ್ತಿದ ಮೇಲೆ ಗೊತ್ತಾಗೋದು ಚಿಕ್ಕಪ್ಪ. ಪರಕ್ಕೂ ಬೇಕು, ವಿರೋಧಕ್ಕೂ ಬೇಕು."

"ಅಂದ್ರೆ ನಿಂಗೆ ಏನನ್ನಿಸ್ತದೆ ಅನ್ನೋದು ಲೆಕ್ಕಕ್ಕೇ ಇಲ್ಲ?"

"ಇಲ್ಲ."

"ಒಂದಾದ್ರೂ ಆಟ ಆಡಿದೀಯಾ?"

"ಇಲ್ಲ."

ಅವರು ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು. "ಕೂತ್ಕ ಮಾರಾಯ್ತಿ. ಮೊದ್ಲು ಸೋಲು. ಆಮೇಲೆ ಮಾತಾಡು."

ಸೋತೆ. ಅವತ್ತಿಡೀ ಸೋತೆ. ಹಾಸನದಲ್ಲಿ ಮಾತ್ರ ಗೆದ್ದೆ. ಚೀಟಿಯಲ್ಲಿ 'ಮಾರಕ' ಎಂಬ ಕಡೆ ಬಂದಿತ್ತು, ಅದನ್ನೇ ಜೋರಾಗಿ ಹೇಳಿದೆ. ಕಪ್ ತಂದು ತೋರಿಸಿದಾಗ ಅವರು ಅದನ್ನು ಒಂದು ಸುತ್ತು ತಿರುಗಿಸಿ ನೋಡಿ, "ತಗಡು" ಎಂದು ವಾಪಸ್ ಕೊಟ್ಟರು. ನನಗೆ ಸಿಟ್ಟು ಬಂತು. ಆದರೆ ಅದು ತಗಡೇ ಆಗಿತ್ತು.

ಆಮೇಲೆ ರಜೆಯಲ್ಲಿ ಊರಿಗೆ ಬಂದಾಗೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಅವರೊಡನೆ ವಾದ ಮಾಡುವ ರುಚಿ ಹತ್ತಿತ್ತು. ನನ್ನ ವಾದ ಇಷ್ಟೇ: ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ಹಾಗಿರುವಾಗ ಒಳ್ಳೆಯ ಆಟ ಕೆಟ್ಟ ಆಟ ಎಂದು ತೀರ್ಪು ಕೊಡುವುದಕ್ಕೆ ನೀವ್ಯಾರು? ಅವರು ಇದಕ್ಕೆ ನೇರ ಉತ್ತರ ಕೊಡುತ್ತಿರಲಿಲ್ಲ. ಏನಾದರೊಂದು ತೋರಿಸುತ್ತಿದ್ದರು. "ಸೋತ್ಮೇಲೆ ಇನ್ನೊಂದ್ಸಲ ಆಡನ ಅನ್ಸೋದು ಎರಡು ಥರ ಐತೆ. ಛೇ, ಅಲ್ಲಿ ನಾನು ಸರಿಯಾಗಿ ನೋಡ್ಲಿಲ್ವಲ್ಲ ಅನ್ನೋದು ಒಂದು. ಸುಮ್ನೆ ಕೈ ನಿಲ್ಲಲ್ಲ ಅನ್ನೋದು ಇನ್ನೊಂದು. ಅದು ಬರೀ ತುರಿಕೆ ಕಣಮ್ಮ. ತುರಿಕೆ ಎಬ್ಬಿಸೋಕೆ ತುರಿಕೆ ಸೊಪ್ಪು ಸಾಕು, ಕಂಪ್ಯೂಟರ್ ಬೇಕಾ?"

ಬೇರೆ ಪತ್ರಿಕೆಗಳ ವಿಮರ್ಶಕರನ್ನು ಕಂಡರೆ ಅವರಿಗೆ ಮೈಯುರಿ. ಸಕಲೇಶಪುರದ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಗಳನ್ನು ತಂದು, ಒಂದೊಂದು ತೀರ್ಪನ್ನೂ ಗಟ್ಟಿಯಾಗಿ ಓದಿ ಬೈಯುತ್ತಿದ್ದರು. "ಚಿತ್ರ ಚೆನ್ನಾಗೈತಂತೆ! ಬಣ್ಣ ಚೆನ್ನಾಗೈತಂತೆ! ಮದ್ವೆ ಊಟ ಹೆಂಗಿತ್ತೋ ಅಂದ್ರೆ ಚಪ್ಪರ ಚೆನ್ನಾಗಿತ್ತು ಅಂತಾನಲ್ಲ ಇವ್ನು."

ಬರೆಯುವ ಮುಂಚೆ ಅವರಿಗೊಂದು ಪದ್ಧತಿ ಇತ್ತು. ಒಳ್ಳೆಯ ಆಟವನ್ನು ಅರ್ಧಕ್ಕೆ ಬಿಟ್ಟು ಬರೆದರೂ ಬರೆಯುತ್ತಿದ್ದರು. ಕೆಟ್ಟ ಆಟವನ್ನು ಮಾತ್ರ ಕೊನೆಯವರೆಗೆ, ಹಲ್ಲು ಕಚ್ಚಿಕೊಂಡು, ಸ್ಟೆಬಿಲೈಸರ್ ಟಕ್ ಟಕ್ ಎಂದು ಹೊಡೆದುಕೊಳ್ಳುತ್ತಿದ್ದರೂ ಬಿಡದೆ ಆಡುತ್ತಿದ್ದರು. ನಾನು ನಕ್ಕರೆ, "ಯಾರೋ ಕಣ್ಣು ಕೆಡಿಸ್ಕಂಡು ಮಾಡಿರ್ತಾರೆ. ಅರ್ಧಕ್ಕೆ ಎದ್ದು ಹೋಗಿ ಕೆಟ್ಟದು ಅನ್ನೋ ಹಕ್ಕು ನಂಗಿಲ್ಲ" ಎನ್ನುತ್ತಿದ್ದರು. ಈ 'ಯಾರೋ' ಅವರ ಮಾತಿನಲ್ಲಿ ಯಾವಾಗಲೂ ಇರುತ್ತಿದ್ದ. ಜಪಾನಿನವನೋ ಅಮೆರಿಕದವನೋ, ಯಾವನೋ ಒಬ್ಬ. ಅವನು ಪಕ್ಕದ ಎಸ್ಟೇಟಿನಲ್ಲಿ ಇದ್ದಾನೆ ಎನ್ನುವ ಹಾಗೆ ಮಾತಾಡುತ್ತಿದ್ದರು. "ಈ ಪುಣ್ಯಾತ್ಮ ಇಲ್ಲೊಂದು ಖಾಲಿ ಕೋಣೆ ಇಟ್ಟವ್ನೆ ನೋಡು. ಸುಮ್ನೆ ಇಟ್ಟಿಲ್ಲ. ಓಡಿ ಬಂದವ್ನು ಒಂದು ಉಸಿರು ಬಿಡ್ಲಿ ಅಂತ ಇಟ್ಟವ್ನೆ." ಹಾಗೆ ಮಾಡಿದವನ ಮನಸ್ಸು ಸಿಕ್ಕಿತು ಎನ್ನಿಸಿದಾಗ ಬಾಗಿಲು ತಟ್ಟುವಂತೆ ಬೆರಳ ಗೆಣ್ಣಿನಿಂದ ಪರದೆಯ ಗಾಜನ್ನು ಎರಡು ಸಲ ತಟ್ಟುತ್ತಿದ್ದರು.

ಜೀಪಿನ ಡ್ರೈವರ್ ಕತೆ ಹೇಳದಿದ್ದರೆ ಅವರ ನಗು ನಿಮಗೆ ಗೊತ್ತಾಗುವುದಿಲ್ಲ. ಒಂದು ಕಾರ್ ರೇಸಿನ ಆಟ ಬಂದಿತ್ತು. ಥೇಟ್ ಗುಡ್ಡದ ರಸ್ತೆಯೇ ಎಂದು ಎಲ್ಲರೂ ಹೊಗಳಿದ್ದರು. ಚಿಕ್ಕಪ್ಪ ಎಸ್ಟೇಟಿನ ಡ್ರೈವರನ್ನು ಕರೆದು ಕೂರಿಸಿದರು. ಅವನು ಕೈ ಒರೆಸಿಕೊಂಡು, ಭಯಭಕ್ತಿಯಿಂದ ಓಡಿಸಿದ. ಎರಡು ತಿರುವು ಚೆನ್ನಾಗೇ ಹೋದ. ಮೂರನೆಯ ತಿರುವಿನಲ್ಲಿ ಎದುರಿನಿಂದ ಒಂದು ಕಾರು ಏರು ಹತ್ತಿಕೊಂಡು ಬಂತು. ಇವನು ಬ್ರೇಕ್ ಹಾಕಿ, ಗಾಡಿಯನ್ನು ಓರೆಗೆ ತೆಗೆದು, ನಿಲ್ಲಿಸಿಕೊಂಡು ಕೂತ.

"ಯಾಕೋ ನಿಲ್ಲಿಸ್ದೆ?"

"ಹತ್ತೋ ಗಾಡಿ ಚಿಕ್ಕಗೌಡ್ರೇ. ಇಳಿಯೋನು ದಾರಿ ಬಿಡ್ಬೇಕಲ್ವಾ?"

ಅಷ್ಟರಲ್ಲಿ ಹಿಂದಿನಿಂದ ಬಂದ ಕಾರುಗಳೆಲ್ಲ ಇವನನ್ನು ಗುದ್ದಿಕೊಂಡು ಹೋದವು. ಡ್ರೈವರ್‌ಗೆ ಕೆಂಡದಂಥ ಕೋಪ. "ಇವ್ನ ಮನೆ ಹಾಳಾಗ! ಯಾವೂರಿನ ಬಡ್ಡೀಮಕ್ಳಿವು!" ಎಂದು ಎದ್ದೇಬಿಟ್ಟ. ಚಿಕ್ಕಪ್ಪ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಆ ತಿಂಗಳ ವಿಮರ್ಶೆಯಲ್ಲಿ ಬರೆದರು: ಇದು ಗುಡ್ಡದ ರಸ್ತೆಯ ಫೋಟೋ ನೋಡಿದವರು ಮಾಡಿದ ಆಟ, ಎದುರು ಗಾಡಿಗೆ ಕಾದು ನಿಂತು ಗೊತ್ತಿಲ್ಲದವರು ಮಾಡಿದ್ದು. ಅದು ಪತ್ರಿಕೆಯಲ್ಲಿ ಬಂದಾಗ ದೊಡ್ಡಪ್ಪ ಅದನ್ನು ಜೀಪಿನಲ್ಲಿಟ್ಟುಕೊಂಡು ಎರಡು ವಾರ ಓಡಾಡಿದರು.

ಹೌದು, ದೊಡ್ಡಪ್ಪನೇ. "ಆಟ ಆಡೋದೂ ಒಂದು ಕಸುಬೇನ್ಲಾ" ಎಂದು ಊಟಕ್ಕೆ ಕೂತಾಗೆಲ್ಲ ಚುಚ್ಚುತ್ತಿದ್ದವರು ಅಚ್ಚಿನಲ್ಲಿ ತಮ್ಮನ ಹೆಸರು ನೋಡಿದ ಮೇಲೆ ತಣ್ಣಗಾದರು. ಹೊಸ ಮಿಕ್ಸಿ ತರುವ ಮುಂಚೆ, ಟೀವಿ ಬದಲಾಯಿಸುವ ಮುಂಚೆ, "ಒಂದ್ಸಲ ಇವ್ನ ಕೇಳನ ಇರಿ" ಎನ್ನತೊಡಗಿದರು. ನೆಂಟರೂ ಕೇಳತೊಡಗಿದರು. ನಲವತ್ತರ ಹತ್ತಿರ ಬಂದಿದ್ದ ಆ ಮನುಷ್ಯನಿಗೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ಆಸ್ತಿ: ತನಗೆ ಅನ್ನಿಸಿದ್ದಕ್ಕೆ ಒಂದು ಬೆಲೆ ಇದೆ ಎಂಬುದು.

ಇಸವಿ ಎರಡು ಸಾವಿರ ದಾಟಿದ ಮೇಲಿನ ಒಂದು ಮಳೆಗಾಲ. ಪತ್ರಿಕೆಯವರು ಹೊಸದೊಂದು ಆಟದ ಸಿ.ಡಿ. ಕಳಿಸಿದ್ದರು. ಅದರಲ್ಲಿ ಗುಂಡಿಲ್ಲ, ಗುದ್ದಾಟವಿಲ್ಲ. ಬೆಟ್ಟಗಳ ನಡುವೆ ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಒಬ್ಬ ನಡೆಯುತ್ತಾನೆ, ಅಷ್ಟೇ. ಚಿಕ್ಕಪ್ಪ ಆ ಆಟಕ್ಕೆ ಬಿದ್ದುಬಿಟ್ಟರು. ನಾನು ಹೋದಾಗ ಬಾಗಿಲಲ್ಲೇ ಹಿಡಿದು ಕೂರಿಸಿ, ಬರೆದದ್ದನ್ನು ಓದಿ ಹೇಳಿದರು. ಅದು ಅವರು ಬರೆದದ್ದರಲ್ಲೆಲ್ಲ ಚೆಂದದ್ದು. ಇದನ್ನು ನಾನು ಈಗಲೂ, ಎಲ್ಲ ಗೊತ್ತಾದ ಮೇಲೂ, ಹೇಳುತ್ತೇನೆ. ಈ ಆಟದ ಜೀವ ಅದರ ಮಂಜು ಎಂದು ಬರೆದಿದ್ದರು. ನಾಲ್ಕು ಮಾರು ಬಿಟ್ಟರೆ ಮುಂದೇನಿದೆ ಕಾಣದು. ಬೆಟ್ಟ ದೂರದಿಂದ ಕಾಣುವುದಿಲ್ಲ, ಮೈಗೆ ತಗುಲುವಷ್ಟು ಹತ್ತಿರ ಬಂದು ಏಕಾಏಕಿ ಎದುರು ನಿಲ್ಲುತ್ತದೆ. ಸೇತುವೆಗಿಂತ ಮೊದಲು ನೀರಿನ ಸದ್ದು ಬರುತ್ತದೆ. ತಮ್ಮ ಹತ್ತಿರವೇ ಇರಬಹುದು, ಇಲ್ಲದೆಯೂ ಇರಬಹುದು. ಕಾಣದಿರುವುದನ್ನು ಇಷ್ಟು ಚೆನ್ನಾಗಿ ಮಾಡಿದವನು ಮಂಜಿನಲ್ಲಿ ಯಾರಿಗಾಗಿಯೋ ಕಾದು ನಿಂತಿರಲೇಬೇಕು, ಎಂದು ಮುಗಿಸಿದ್ದರು.

ನಾನು ಅಭ್ಯಾಸಬಲದಿಂದ ವಿರೋಧ ಪಕ್ಷ ಹಿಡಿದೆ. "ಬೆಟ್ಟ ಬಿಡಿಸೋಕೆ ಸೋಮಾರಿತನ ಇರಬಹುದು ಚಿಕ್ಕಪ್ಪ."

"ಹಳೇ ರೈಲು ಓಡ್ತಿದ್ದಾಗ ಎಡಕುಮೇರಿ ಸ್ಟೇಷನ್ನಾಗೆ ನಿಂತಿದ್ದೀಯಾ ನೀನು?"

"ಇಲ್ಲ."

"ನಿಂತಿದ್ರೆ ಹಿಂಗನ್ತಿರ್ಲಿಲ್ಲ. ರೈಲು ಬಂತು ಅನ್ನದು ಮೊದ್ಲು ಕಾಲಿಗೆ ಗೊತ್ತಾಯ್ತದೆ. ಆಮೇಲೆ ಕಿವಿಗೆ. ಕಣ್ಣಿಗೆ ಕೊನೆಗೆ. ಇವ್ನಿಗೆ ಅದು ಗೊತ್ತು ಕಣಮ್ಮ. ಎಲ್ಲೋ ಅಷ್ಟು ದೂರದಾಗೆ ಕೂತವ್ನಿಗೆ ನಮ್ ಮಂಜು ಗೊತ್ತು!" ಎಂದು ಗಾಜನ್ನು ತಟ್ಟಿದರು. ನಾನು ಅವರನ್ನು ಅಷ್ಟು ಸಂತೋಷವಾಗಿ ಆಮೇಲೆ ನೋಡಲಿಲ್ಲ.

ವಿಮರ್ಶೆ ಅಚ್ಚಾಯಿತು. ಸಕಲೇಶಪುರದಲ್ಲಿ ಆಗಷ್ಟೇ ಒಂದು ಸೈಬರ್ ಸೆಂಟರ್ ಶುರುವಾಗಿತ್ತು. ಅದರ ಓನರ್ ಆ ವಿಮರ್ಶೆ ಓದಿಯೇ ಆಟವನ್ನು ಬೆಂಗಳೂರಿನಿಂದ ತರಿಸಿ, ಹೊಸ ಮಿಷೀನಿಗೆ ಹಾಕಿಸಿ, ಚಿಕ್ಕಪ್ಪನಿಗೆ ಫೋನ್ ಮಾಡಿದ್ದ. "ನೀವೊಂದ್ಸಲ ಬರ್ಬೇಕು ಸಾರ್." ಚಿಕ್ಕಪ್ಪ ಸಂತೆಯ ದಿನ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಜೀಪಿನಲ್ಲಿ ಇಳಿದು ಬಂದರು. ಕಾಲೇಜಿನ ಗೇಟಿನಲ್ಲಿ ನಿಂತಿದ್ದ ನನ್ನನ್ನೂ ಹತ್ತಿಸಿಕೊಂಡರು.

ಸೆಂಟರಿನ ಒಳಗೆ ನಮ್ಮ ಕಾಲೇಜಿನದೇ ನಾಲ್ಕೈದು ಹುಡುಗರು ಒಂದು ಪರದೆಯ ಸುತ್ತ ನೆರೆದಿದ್ದರು. ಚಿಕ್ಕಪ್ಪ ಹಿಂದಿನಿಂದ ಇಣುಕಿದರು. ಇದು ಆ ಆಟ ಹೌದು ಎಂದು ಗೊತ್ತಾಗಲು ಅವರಿಗೆ ಹೊತ್ತು ಹಿಡಿಯಿತು. ನೀಲಿ ಆಕಾಶ. ಒಂದರ ಹಿಂದೊಂದು ಬೆಟ್ಟದ ಸಾಲು, ಕೊನೆಯ ಸಾಲಿನ ಮರಗಳವರೆಗೂ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಸೇತುವೆಯಂತೂ, ಅದರ ಕೆಂಪು ಕಟಕಟೆಯ ಸಮೇತ, ಆಟ ಶುರುವಾಗುವ ಜಾಗದಿಂದಲೇ ಕಾಣುತ್ತಿತ್ತು.

"ಬನ್ನಿ ಸಾರ್ ಬನ್ನಿ. ನಿಮ್ ಮಂಜಿಗೇ ಕಾಯ್ತಿದೀವಿ. ಎಷ್ಟ್ನೇ ಬೆಟ್ಟದ ಮೇಲೆ ಬರುತ್ತೆ?" ಎಂದ ಒಬ್ಬ ಹುಡುಗ.

"ಮಂಜು ಇವತ್ತು ರಜಾ ಕಣೋ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಓನರ್ ಒಳ್ಳೆಯವನು. ಹುಡುಗರನ್ನು ಗದರಿಸಿ, ಚಿಕ್ಕಪ್ಪನಿಗೆ ಕುರ್ಚಿ ಕೊಟ್ಟು, ಮೆಲ್ಲಗೆ ಹೇಳಿದ. "ನಿಮ್ ಮಿಷೀನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅನ್ಸುತ್ತೆ ಸಾರ್. ಅದಿಲ್ದಿದ್ರೆ ದೂರದ್ದೆಲ್ಲ ಎಳೆಯೋಕೆ ಮಿಷೀನ್‌ಗೆ ತಾಕತ್ ಸಾಲಲ್ಲ. ಅದಕ್ಕೆ ಬೂದಿ ಬಣ್ಣ ಬಳಿದು ಮುಚ್ಚಿಬಿಡುತ್ತೆ. ಅದು ಆಟದ್ದಲ್ಲ ಸಾರ್, ಮಿಷೀನ್‌ದು."

ಚಿಕ್ಕಪ್ಪ ಕೂರಲಿಲ್ಲ. "ಆ ಸೇತುವೆ ತಾವ ಒಂಚೂರು ಹೋಗಪ್ಪ" ಎಂದು ಆಡುತ್ತಿದ್ದ ಹುಡುಗನಿಗೆ ಹೇಳಿದರು. ಅವನು ಹೋದ. ಚಿಕ್ಕಪ್ಪ ಬಗ್ಗಿ ನೋಡಿದರು. ಅವರ ಬೆರಳ ಗೆಣ್ಣು ಗಾಜಿನ ಹತ್ತಿರದವರೆಗೆ ಹೋಯಿತು, ಮುಟ್ಟಲಿಲ್ಲ. "ಸರಿ" ಎಂದು ಹೊರಗೆ ಬಂದರು.

ಆ ವಾರವೇ ಪತ್ರಿಕೆಯ ಸಂಪಾದಕರ ಫೋನ್ ಬಂತು. ಓದುಗರು ನಗುತ್ತಿದ್ದಾರೆ, ಸ್ವಲ್ಪ ಕಾಲ ಬಿಡುವು ತಗೊಳ್ಳಿ ಎಂದರಂತೆ. ಊರಿನ ಹುಡುಗರ ಬಾಯಲ್ಲಿ ಅವರಿಗೆ 'ಮಂಜುಗೌಡ್ರು' ಎಂಬ ಹೆಸರೂ ಬಿತ್ತು.

ನಾನು ಸುಮ್ಮನಿರುವವಳಲ್ಲ. ಇಡೀ ವಾದವನ್ನು ತಲೆಯಲ್ಲಿ ಕಟ್ಟಿಕೊಂಡು ಮುಂದಿನ ಭಾನುವಾರ ಹೋದೆ. ಚಿಕ್ಕಪ್ಪ ಬಿಸಿಲಿಗೆಂದು ಕಣದ ಅಂಚಿನಲ್ಲಿ ಕೂತಿದ್ದರು. ಎದುರು ನಿಂತೇ ಶುರು ಮಾಡಿದೆ. ನೀವು ಕಂಡದ್ದನ್ನು ನೀವು ಬರೆದಿರಿ. ಸೈಬರ್ ಸೆಂಟರಿನವನು ಕಂಡದ್ದೂ ಅವನ ಮಿಷೀನಿನಲ್ಲಿ ಕಂಡದ್ದೇ, ಅವನದ್ದೇ ಸತ್ಯ ಎನ್ನುವುದಕ್ಕೆ ಏನು ಆಧಾರ? ಅಷ್ಟಕ್ಕೂ ಆ ಎರಡರಲ್ಲಿ ನಿಮ್ಮ ಆಟವೇ ಮೇಲು. ಎಲ್ಲ ಕಾಣುವ ಕಡೆ ಹುಡುಕುವುದೇನಿದೆ? ಅವನ ಕಾರ್ಡು ಆಟವನ್ನು ಕೆಡಿಸಿದೆ ಎಂದು ನೀವೇ ಯಾಕೆ ಬರೆಯಬಾರದು?

ಅವರು ಪೂರ್ತಿ ಕೇಳಿಸಿಕೊಂಡರು. "ಚೆನ್ನಾಗಿ ಮಾತಾಡ್ತೀಯ" ಎಂದರು. "ಇನ್ನೊಂದು ಚೀಟಿ ಎತ್ತಿದ್ದಿದ್ರೆ ಇದಕ್ಕೆ ಉಲ್ಟಾನೂ ಇಷ್ಟೇ ಚೆನ್ನಾಗಿ ಮಾತಾಡ್ತಿದ್ದೆ."

ಅದೊಂದು ಸಲ ನಾನು ಆಡಿದ್ದು ನನಗೆ ನಿಜವಾಗಿಯೂ ಅನ್ನಿಸಿದ್ದನ್ನೇ. ಆದರೆ ಅದನ್ನು ಸಾಬೀತು ಮಾಡುವ ದಾರಿ ನನ್ನ ಹತ್ತಿರ ಇರಲಿಲ್ಲ.

"ಹುಡುಗ್ರು ನಕ್ಕಿದ್ದಕ್ಕಲ್ಲ ಕಣಮ್ಮ," ಎಂದು ಅವರೇ ಮುಂದುವರಿಸಿದರು. "ಅಲ್ಲೊಬ್ಬ ಇದ್ದ ಅನ್ಕಂಡಿದ್ದೆ. ಮಂಜಿನಾಗೆ ನಿಂತು ಗೊತ್ತಿರೋ ಮನುಷ್ಯ. ಅವ್ನು ಮಾಡಿದ್ದು ನಂಗೆ ತಿಳೀತು, ನಾನು ಬರೆದಿದ್ದು ಎಂದಾದ್ರೂ ಅವ್ನಿಗೆ ತಿಳೀತದೆ ಅನ್ಕಂಡಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ. ನಮ್ ಮಿಷೀನ್‌ಗೆ ತಾಕತ್ತಿರ್ಲಿಲ್ಲ, ಅಷ್ಟೆ."

ಅಷ್ಟಕ್ಕೇ ನಿಂತಿದ್ದರೆ ಮನುಷ್ಯ ಉಳಿಯುತ್ತಿದ್ದರೋ ಏನೋ. ಆದರೆ ಅವರು ಹಿಂದಕ್ಕೆ ಹೋಗತೊಡಗಿದರು. ಹಿಂದೆ ಒಂದು ಆಟವನ್ನು ಎಳೆದಾಟ, ಕುಂಟಾಟ ಎಂದು ಹೀನಾಯವಾಗಿ ಬರೆದಿದ್ದರು. ಅದು ಆಟದ ಕುಂಟೋ, ಮಿಷೀನಿನ ಕುಂಟೋ? ಒಂದು ಆಟದ ಕತ್ತಲೆಯನ್ನು ಮೆಚ್ಚಿದ್ದರು. ಅದು ಮಾಡಿದವನ ಕತ್ತಲೆಯೋ, ಲೋ ವೋಲ್ಟೇಜೋ? ಯಾವುದು ತನ್ನ ತೀರ್ಪು, ಯಾವುದು ಪೆಟ್ಟಿಗೆಯ ಬಡತನ ಎಂದು ಬೇರೆ ಮಾಡಲು ಅವರಿಗೆ ಆಗಲಿಲ್ಲ. "ಕಾರ್ ರೇಸಿನ ಆಟದ ಬಗ್ಗೆ ಬರೆದದ್ದು ಸರಿಯಾಗೇ ಇತ್ತಲ್ಲ" ಎಂದೆ. "ಅದು ಡ್ರೈವರ್ ಹೇಳಿದ್ದು" ಎಂದರು.

ದೊಡ್ಡಪ್ಪ ತಮಗೆ ತಿಳಿದ ರೀತಿಯಲ್ಲಿ ಪ್ರಯತ್ನಪಟ್ಟರು. ಯಾರನ್ನೋ ವಿಚಾರಿಸಿ, ಹಾಸನಕ್ಕೆ ಹೋಗಿ, ಆ ಕಾರ್ಡನ್ನು ತಂದು, ಜೊತೆಗೆ ಅದನ್ನು ಹಾಕುವವನನ್ನೂ ಜೀಪಿನಲ್ಲಿ ಕರೆತಂದರು. ಆಟ ಹಾಕಿಸಿ, ತಮ್ಮನನ್ನು ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಬೆಟ್ಟಗಳು ಸಾಲುಸಾಲಾಗಿ ಕಂಡವು. ನಾನೂ ಅಲ್ಲಿದ್ದೆ.

"ಹೆಂಗೈತ್ಲಾ ಈಗ?"

ಚಿಕ್ಕಪ್ಪ ನೋಡಿದರು. "ಚೆನ್ನಾಗೈತೆ ಅಣ್ಣಯ್ಯ."

"ಬರೀ ಮತ್ತೆ!"

"ಬರೆಯನ."

ಬರೆಯಲಿಲ್ಲ. ಅವರ ಬಾಯಲ್ಲಿ ನಾನು ಕೇಳಿದ ಮೊದಲನೆಯ ಬರಿದಾದ 'ಚೆನ್ನಾಗೈತೆ' ಅದು. ಆಮೇಲೆ ಅದೊಂದೇ ಉಳಿಯಿತು. ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗೈತೆ. ಮಿಕ್ಸಿ ಯಾವುದು ತರುವುದು ಎಂದರೆ ನಿಮಗೆ ಹೆಂಗನ್ಸುತ್ತೋ ಹಂಗೆ. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಹಲ್ಲಿನಲ್ಲಿ ಕಡಿದು ಹೇಳುತ್ತಿದ್ದವರು, ಬೀಜವನ್ನು ರೈಟರ ಕೈಗೆ ಕೊಟ್ಟು "ನೀವೇ ನೋಡಿ" ಎನ್ನತೊಡಗಿದರು. ಜನಕ್ಕೆ ಇದು ಹಿಡಿಸಿತು. ಮುಂಚಿನ ಖಡಕ್ಕು ಹೋಯಿತು, ಎಷ್ಟು ಮೃದುವಾದರು ನೋಡಿ ಎಂದರು. ಹೆಣ್ಣು ಕೊಡಲು ಕೂಡ ಒಬ್ಬರು ಮುಂದೆ ಬಂದರು. "ನೀವು ಹೇಳಿದಂಗೆ ಅಣ್ಣಯ್ಯ" ಎಂದರಂತೆ ಚಿಕ್ಕಪ್ಪ. ಆ ಮಾತು ಕೇಳಿ ದೊಡ್ಡಪ್ಪನೇ ಹೆದರಿ, ಆ ಸಂಬಂಧ ಬಿಟ್ಟರು.

ನಾನು ಕಾನೂನು ಓದಿ ಹಾಸನದಲ್ಲಿ ಪ್ರಾಕ್ಟೀಸ್ ಶುರು ಮಾಡಿದೆ. ಊರಿಗೆ ಹೋದಾಗ ಅವರನ್ನು ಕೆಣಕುತ್ತಿದ್ದೆ. ಬೇಕೆಂದೇ ದಡ್ಡ ವಾದ ಮಾಡುತ್ತಿದ್ದೆ. ಲೋಕದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದೇ ಇಲ್ಲ, ಎಲ್ಲ ಅವರವರ ಕಣ್ಣು ಎಂದು, ಹಿಂದೆ ಅವರು ಉರಿದುಬೀಳುತ್ತಿದ್ದ ಮಾತನ್ನೇ ಎಸೆಯುತ್ತಿದ್ದೆ. "ಇರ್ಬೌದು ಕಣಮ್ಮ" ಎನ್ನುತ್ತಿದ್ದರು. ನನ್ನ ಜೀವನದಲ್ಲಿ ನಾನು ಗೆದ್ದ ಅತ್ಯಂತ ಕೆಟ್ಟ ವಾದ ಅದು.

ಹೋದ ವರ್ಷ ಕುಯ್ಲಿನ ಹೊತ್ತಿಗೆ ಅವರು ಸೊರಗಿದರು. ಮನೆಯವರು ಕೇಳಿದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದರು. ಊಟ ಕಡಿಮೆಯಾಯಿತು. ಕೇಳಿದರೆ ಅದೂ ಚೆನ್ನಾಗೈತೆ. ಕಣದಲ್ಲಿ ಒಂದು ದಿನ ಪಕ್ಕೆ ಹಿಡಿದುಕೊಂಡು ಕಾಫಿಯ ಗುಡ್ಡೆಗೆ ಒರಗಿ ಕೂತದ್ದನ್ನು ಜೀಪಿನ ಡ್ರೈವರ್ ನೋಡಿ ದೊಡ್ಡಪ್ಪನನ್ನು ಕೂಗಿದ. ದೊಡ್ಡಪ್ಪ ಕಾರಣ ಕೇಳಲಿಲ್ಲ, ಎತ್ತಿ ಜೀಪಿಗೆ ಹಾಕಿಕೊಂಡು ಹಾಸನಕ್ಕೆ ಬಂದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ಸೇರಿಕೊಂಡೆ.

ಡಾಕ್ಟರ್ ಚಿಕ್ಕ ವಯಸ್ಸಿನವರು. ಹೊಟ್ಟೆ ಒತ್ತಿ ನೋಡಿದರು. ಒತ್ತಿದಾಗ ಚಿಕ್ಕಪ್ಪನ ಹಣೆಯ ಮೇಲೆ ಬೆವರು ಒಡೆಯಿತು, ಮಂಚದ ಅಂಚು ಹಿಡಿದ ಬೆರಳುಗಳು ಬಿಳಿಚಿಕೊಂಡವು.

"ನೋವಿದೆಯಾ?"

ಚಿಕ್ಕಪ್ಪ ಡಾಕ್ಟರ ಕೈಯನ್ನೇ ನೋಡಿದರು.

"ನೋವು ಎಷ್ಟಿದೆ, ತಡೆಯೋಕಾಗುತ್ತಾ, ಯಾವಾಗಿಂದ ಅಂತ ನೀವು ಹೇಳಿದ್ರೆ ತಾನೇ ನನಗೆ ಗೊತ್ತಾಗೋದು?" ಎಂದರು ಡಾಕ್ಟರ್. ಗದರಿಕೆಯಲ್ಲ, ಸಮಾಧಾನದಿಂದಲೇ ಕೇಳಿದರು.

ಚಿಕ್ಕಪ್ಪ ಹೇಳಲು ನಿಜವಾಗಿಯೂ ಪ್ರಯತ್ನಿಸಿದರು. ತುಟಿ ಅಲುಗಿತು. ಆಮೇಲೆ ಕತ್ತು ಹೊರಳಿಸಿ ಅಣ್ಣನನ್ನು ನೋಡಿದರು.

"ನಿಮ್ಗೆ ಹೆಂಗನ್ನಿಸ್ತದೆ ಅಣ್ಣಯ್ಯ? ನೋವೈತೆ ಅಂತೀರಾ?"

ದೊಡ್ಡಪ್ಪ ನನ್ನ ಮುಖ ನೋಡಿದರು, ಮಾತಿನವಳು ಇವಳಲ್ಲವೇ ಎನ್ನುವ ಹಾಗೆ. ಕೊನೆಗೆ ತಾವೇ ತಮ್ಮನ ಬೆವರಿದ ಹಣೆಯ ಮೇಲೆ ಕೈ ಇಟ್ಟು, ಕೋಣೆಯ ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಐತೆ ಡಾಕ್ಟ್ರೇ. ಭಾಳ ಐತೆ. ತಡೆಯಕ್ಕಾಗಲ್ಲ ಅಂತ ಬರ್ಕಳಿ."